ಎರಡರಿಂದ ಮೂರರವರೆಗೆ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆ ಕಾಗದವನ್ನು ನಾನು ದಿನಕ್ಕೆ ಹತ್ತು ಸಲವಾದರೂ ಓದುತ್ತಿದ್ದೆ. ಹಾಲು ತೆಗೆಯುವಾಗ ಒಮ್ಮೆ, ಬೆಣ್ಣೆ ಒಳಗಿಡುವಾಗ ಇನ್ನೊಮ್ಮೆ. ಅಸಲು ಪ್ರತಿ ನನ್ನ ಮಗಳು ಬ್ರಿಟಾಳ ಕಾರಿನಲ್ಲಿತ್ತು. ಇದು ನಕಲು, ನಾನೇ ಶಾಲೆಯ ಯಂತ್ರದಲ್ಲಿ ತೆಗೆಸಿಕೊಂಡು ಬಂದದ್ದು. ಕುಡಿದು ಗಾಡಿ ಓಡಿಸಿ ಶಿಕ್ಷೆಯಾದವಳಿಗೆ ನ್ಯಾಯಾಲಯ ಕೆಲಸಕ್ಕೆ ಹೋಗಿಬರಲು ಮಾತ್ರ ಕೊಟ್ಟಿದ್ದ ಅನುಮತಿ ಅದು. ಬೆಳಿಗ್ಗೆ ಐದೂಕಾಲಿನಿಂದ ಆರೂಕಾಲು, ಮಧ್ಯಾಹ್ನ ಎರಡರಿಂದ ಮೂರು. ಭಾನುವಾರ ಒಂಬತ್ತರಿಂದ ಹನ್ನೆರಡು, ಚರ್ಚಿಗೆ. ಮಿಕ್ಕ ಹೊತ್ತಿನಲ್ಲಿ ಕಾರು ನಮ್ಮ ಅಂಗಳದಲ್ಲಿ ಕದಲದೆ ನಿಂತಿರಬೇಕು.

ಆ ಹೊತ್ತುಗಳಲ್ಲಿ ಒಂದು ತಪ್ಪಿದರೂ ಕಾಗದ ರದ್ದು. ಕಾಗದ ಹೋದರೆ ಕೆಲಸ ಹೋಯಿತು. ಹದಿನಾಲ್ಕು ಮೈಲಿ ದೂರದ ಹಳ್ಳಿಗಾಡಿಗೆ ನಮ್ಮ ಕಡೆ ಬಸ್ಸೆಂಬುದಿಲ್ಲ. ಮೂವತ್ತೊಂದು ವರ್ಷದ ಮಗಳಿಗೆ ಆ ಕೆಲಸ ಸಿಕ್ಕ ಮೇಲೆ ಕೈಗಳ ನಡುಕ ನಿಂತಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೆ.

ಕೆಲಸ ಎನೋಸ್ ಶ್ರಾಕ್ ಎಂಬ ಅಮಿಷ್ ರೈತನ ಹಸಿರುಮನೆಯಲ್ಲಿ. ಕಾರು, ಕರೆಂಟು, ಫೋನು ಒಲ್ಲದೆ ಕುದುರೆಗಾಡಿಯಲ್ಲಿ ಓಡಾಡಿಕೊಂಡು ಹಳೆಯ ಕ್ರೈಸ್ತ ಪಂಥದ ಕಟ್ಟಿನಂತೆ ಬದುಕುವವರು ಈ ಅಮಿಷರು. ಚಳಿಗಾಲ ಮುಗಿಯುವ ಮೊದಲೇ ಅಲ್ಲಿ ಸೌದೆ ಒಲೆ ಉರಿಸಿ ಟೊಮೇಟೊ, ಕೋಸು, ಪೆಟೂನಿಯಾ ಹೂವಿನ ಸಸಿಗಳನ್ನು ಎಬ್ಬಿಸುತ್ತಾರೆ. ಬ್ರಿಟಾ ಬೆಳಗಿನಿಂದ ಮಧ್ಯಾಹ್ನದವರೆಗೆ ಸಸಿ ಕಿತ್ತು ಕುಂಡಗಳಿಗೆ ನೆಡುತ್ತಿದ್ದಳು. ಡಿಸೆಂಬರಿನಲ್ಲಿ ಕೆಲಸದ ಹೊತ್ತು ಬರೆದುಕೊಡಿ ಎಂದು ಕಾಗದ ಒಯ್ದಾಗ ಎನೋಸ್ ತನ್ನ ಅಡುಗೆಮನೆಯ ಗಡಿಯಾರವನ್ನು ನೋಡಿ, ಪೆನ್ಸಿಲನ್ನು ಚಾಕುವಿನಿಂದ ಹೆರೆದುಕೊಂಡು, "ಆರರಿಂದ ಎರಡು" ಎಂದು ಬರೆದುಕೊಟ್ಟಿದ್ದ. ನ್ಯಾಯಾಲಯ ಅದಕ್ಕೆ ಹೋಗಿಬರುವ ಹೊತ್ತು ಸೇರಿಸಿ ಮೊಹರು ಒತ್ತಿತ್ತು.

ಚಳಿಗಾಲವಿಡೀ ಬ್ರಿಟಾ ಗಡಿಯಾರದ ಮುಳ್ಳಿನಂತೆ ಬರುತ್ತಿದ್ದಳು. ನಾನು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸಿ, ಪಾತ್ರೆ ತೊಳೆದು, ಎರಡೂಕಾಲಿಗೆ ಮನೆಗೆ ಬಂದು ಕಾಫಿಗೆ ನೀರಿಡುವಷ್ಟರಲ್ಲಿ ಅವಳ ಕಾರು ಅಂಗಳಕ್ಕೆ ತಿರುಗುತ್ತಿತ್ತು. ಎರಡೂ ನಲವತ್ತು. ಇಲ್ಲವೆಂದರೆ ಎರಡೂ ನಲವತ್ತೈದು.

ಮಾರ್ಚ್ ಎರಡನೆಯ ವಾರದಲ್ಲಿ ಒಂದು ಸೋಮವಾರ ಕಾಫಿ ಆರಿತು. ಮೂರಾಯಿತು, ಮೂರೂವರೆ ಆಯಿತು. ಮೂರೂ ನಲವತ್ತಕ್ಕೆ ಕಾರು ಬಂತು.

"ಯಾಕೆ ತಡ?"

"ಕೆಲ್ಸ ಜಾಸ್ತಿ ಇತ್ತಮ್ಮ."

"ಕಾಗದದಲ್ಲಿ ಮೂರು ಗಂಟೆ ಅಂತಿದೆ."

"ನಂಗೆ ಓದಕ್ ಬರುತ್ತೆ" ಎಂದು ಬೂಟು ಬಿಚ್ಚಿ ಮೆಟ್ಟಿಲೇರಿದಳು.

ಮಂಗಳವಾರವೂ ಮೂರೂ ನಲವತ್ತು. ಬುಧವಾರವೂ ಅಷ್ಟೇ. ಅಡುಗೆಮನೆಯಲ್ಲಿ ಅವಳು ಹಾದು ಹೋಗುವಾಗ ನಾನು ಏನೋ ಎತ್ತಿಕೊಳ್ಳುವವಳಂತೆ ಹತ್ತಿರ ಬಗ್ಗಿ ಉಸಿರು ಎಳೆದುಕೊಂಡೆ. ಮಣ್ಣಿನ ವಾಸನೆ, ಹೊಗೆಯ ವಾಸನೆ, ಪುದೀನ ಚೂಯಿಂಗ್ ಗಮ್ಮಿನ ವಾಸನೆ. ಆ ಪುದೀನ ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಅವಳಪ್ಪ ಲೈಲ್ ಬದುಕಿದ್ದಾಗ ಹಾಗೇ ಪುದೀನ ಅಗಿಯುತ್ತ ಬರುತ್ತಿದ್ದ. ಅವನಿಗೂ ದಿನವೂ ಕೆಲಸ ಜಾಸ್ತಿಯೇ ಇರುತ್ತಿತ್ತು. ಇಪ್ಪತ್ತೆರಡು ವರ್ಷ ನಾನು ಅದನ್ನು ನಂಬಿದೆ. ಕೊನೆಗೆ ಅವನ ಯಕೃತ್ತು ನನಗೆ ನಿಜ ಹೇಳಿತು.

ಕಾರಿನಲ್ಲಿ ಊದುವ ಯಂತ್ರವಿತ್ತು, ನಿಜ. ಕೊಳವೆಗೆ ಊದಿ, ಉಸಿರಿನಲ್ಲಿ ಮದ್ಯವಿಲ್ಲವೆಂದು ಗೊತ್ತಾದ ಮೇಲೆಯೇ ಎಂಜಿನ್ ಶುರುವಾಗುವುದು. ಆದರೆ ಸಂಶಯಕ್ಕೆ ಅಡ್ಡ ಬರುವಂಥ ಯಂತ್ರವನ್ನು ಯಾರೂ ಮಾಡಿಲ್ಲ. ಬೇರೆ ಯಾರೋ ಊದಿಕೊಟ್ಟರೆ? ಕಾರು ಒಂದು ಕಡೆ ನಿಲ್ಲಿಸಿ, ಕುಡಿದು, ಇನ್ನೊಬ್ಬರ ಉಸಿರಿನಿಂದ ಮನೆಗೆ ಬಂದರೆ?

ಈ ಮಾತನ್ನು ನನ್ನ ತಲೆಗೆ ಹಾಕಿದವಳು ಎದುರುಮನೆಯ ಆರ್ವಿಲಾ. ಹೋದ ವರ್ಷ ಬ್ರಿಟಾ ಕುಡಿದು ಬಂದ ದಿನ ಮೊದಲು ಉರುಳಿದ್ದು ಆರ್ವಿಲಾಳ ಅಂಚೆಪೆಟ್ಟಿಗೆ, ಆಮೇಲೆ ಅವಳ ಗಂಡ ನೆಟ್ಟಿದ್ದ ಪ್ಲಮ್ ಮರ. ಅಂದಿನಿಂದ ಅವಳು ಕಿಟಕಿಯ ಬಳಿಯೇ ಹೊಲಿಗೆ ಹಿಡಿದು ಕೂರುತ್ತಾಳೆ.

"ಏನೇ ಮಾರ್ಲಿಸ್, ನಿನ್ ಮಗ್ಳು ಈಗೀಗ ಒಂದ್ ಗಂಟೆ ಲೇಟು" ಎಂದಳು, ನಾನು ಕಸದ ಡಬ್ಬಿ ಎಳೆಯುವಾಗ.

"ಹಸಿರುಮನೆಯಲ್ಲಿ ಇದು ಬಿರುಸಿನ ಕಾಲ."

"ಹೌದೌದು. ನಮ್ಮೋರೂ ಹಂಗೇ ಮೀನು ಹಿಡಿಯಕ್ಕೆ ಬಿರುಸಿನ ಕಾಲ ಅಂತ ಹೋಗ್ತಿದ್ರು, ಒಂದು ಮೀನೂ ತರ್ತಿರ್ಲಿಲ್ಲ."

"ಯಂತ್ರ ಇದೆ ಆರ್ವಿಲಾ. ಊದದೆ ಗಾಡಿ ಹೊರಡಲ್ಲ."

"ಊದಕ್ಕೆ ಏನು ಅವಳದೇ ಬಾಯಿ ಬೇಕಾ? ಆ ಅಮಿಷರ ಮನೇಲಿ ಹನ್ನೊಂದು ಮಕ್ಕಳು. ಒಂದು ಕುಕ್ಕೀಸ್ ಕೊಟ್ರೆ ಯಾವ್ದಾದ್ರೂ ಊದುತ್ತೆ" ಎಂದು ನಕ್ಕಳು.

ನಾನು ನಗಲಿಲ್ಲ. ಒಳಗೆ ಬಂದು ಆಲೂಗಡ್ಡೆ ಸುಲಿಯುವಾಗ ಬೆರಳು ಕೊಯ್ದುಕೊಂಡೆ.

ಅವತ್ತು ಸಂಜೆ ಅವಳು ಸ್ನಾನಕ್ಕೆ ಹೋದಾಗ ಕೀಲಿ ತೆಗೆದುಕೊಂಡು ಹೋಗಿ ಕಾರು ಓಡಿದ ಮೈಲಿಗಳನ್ನು ನೋಡಿದೆ. ಮರುದಿನವೂ ನೋಡಿದೆ. ಕ್ಯಾಲೆಂಡರಿನ ಹಿಂದೆ ಸಣ್ಣದಾಗಿ ಬರೆದಿಟ್ಟೆ. ಹೋಗಿಬರಲು ಇಪ್ಪತ್ತೆಂಟು ಮೈಲಿ ಆಗಬೇಕು. ಮೂವತ್ತಮೂರು ಆಗುತ್ತಿತ್ತು. ಪ್ರತಿ ದಿನ, ಐದು ಮೈಲಿ ಹೆಚ್ಚು.

ಹೆದ್ದಾರಿಯಿಂದ ಎರಡೂವರೆ ಮೈಲಿ ಒಳಗೆ, ಕೆರೆಯ ದಂಡೆಯಲ್ಲಿ, 'ಕೆಂಪು ಹುಂಜ' ಎಂಬ ಹೆಂಡದಂಗಡಿಯಿದೆ. ಹೋಗಲು ಎರಡೂವರೆ, ಬರಲು ಎರಡೂವರೆ. ಲೆಕ್ಕ ಸರಿಹೋದಾಗ ನನಗೆ ಸಂತೋಷವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಕಳೆದುಹೋದ ವಸ್ತು ಸಿಕ್ಕಿದಾಗಿನ ಥರದ ಒಂದು ಬಿಗಿ ಸಂತೋಷ.

ಅದೇ ವಾರ ಅಂಚೆಯಲ್ಲಿ ನ್ಯಾಯಾಲಯದ ಲಕೋಟೆ ಬಂತು, ಬ್ರಿಟಾಳ ಹೆಸರಿಗೆ. ನಾನು ತೆರೆಯಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಊಟದ ಮೇಜಿನ ಮೇಲೆ ಅವಳ ತಟ್ಟೆಯ ಪಕ್ಕ ಇಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮಡಚಿ ಜೇಬಿಗೆ ಹಾಕಿಕೊಂಡಳು.

"ಏನದು?"

"ಏನಿಲ್ಲ. ಮಾಮೂಲಿ."

"ಮಾಮೂಲಿ ಆದ್ರೆ ಇಲ್ಲೇ ಓದು."

"ಅಮ್ಮಾ, ನಿನ್ ಸಾರು ಆರ್ತಿದೆ."

"ಬ್ರಿಟಾ, ಏನಾದ್ರೂ ಆಗಿದ್ರೆ ಹೇಳು ಮಗಳೇ. ನಾನು ಬೈಯಲ್ಲ."

"ನೀನು ಬೈಯಲ್ಲ, ನಂಗೊತ್ತು. ನೀನು ಸುಮ್ನೆ ಮೂಸ್ತೀಯ" ಎಂದಳು. ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ಇಟ್ಟಳು.

ಆ ಮಾತು ನನ್ನನ್ನು ತಡೆಯಬೇಕಿತ್ತು. ತಡೆಯಲಿಲ್ಲ. ಮುಚ್ಚಿಡಲು ಏನೂ ಇಲ್ಲದವಳು ಹಾಗೆ ಕುಟುಕುವುದಿಲ್ಲ ಎಂದೇ ಅಂದುಕೊಂಡೆ.

ಮುಂದಿನ ಮಂಗಳವಾರ ಶಾಲೆಯಲ್ಲಿ ತಲೆನೋವೆಂದು ಹೇಳಿ ಒಂದು ಗಂಟೆ ಮೊದಲೇ ಹೊರಟೆ. ಕೆಂಪು ಹುಂಜಕ್ಕೆ ಹೋಗುವ ದಾರಿ ಹೆದ್ದಾರಿಗೆ ಸೇರುವಲ್ಲಿ, ಮುಚ್ಚಿಹೋದ ಗಿರಣಿಯ ಹಿಂದೆ ಕಾರು ನಿಲ್ಲಿಸಿಕೊಂಡು ಕುಳಿತೆ. ಎರಡು ಗಂಟೆಯಿಂದ ಮೂರೂವರೆಯವರೆಗೆ. ಹಾಲಿನ ಲಾರಿ ಹೋಯಿತು, ಒಂದು ಕುದುರೆಗಾಡಿ ಹೋಯಿತು, ಪಾದ್ರಿಯ ಹೆಂಡತಿ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ವಂದಿಸಿ ಹೋದಳು. ಬ್ರಿಟಾ ಹೋಗಲಿಲ್ಲ. ಹೆಂಡದಂಗಡಿಗೂ ಹೋಗಲಿಲ್ಲ, ಹೆದ್ದಾರಿಯಲ್ಲೂ ಬರಲಿಲ್ಲ. ನಾನು ಮನೆಗೆ ಬಂದು ಕೋಟು ತೆಗೆಯುತ್ತಿದ್ದಾಗ ಅವಳ ಕಾರು ಬಂತು. ಬಾಗಿಲುಗಳ ತುಂಬ ಜಲ್ಲಿ ರಸ್ತೆಯ ಬಿಳಿ ಧೂಳು.

ಹೆಂಡದಂಗಡಿಯಲ್ಲ ಎಂದು ಗೊತ್ತಾದ ಮೇಲೆ ಸಮಾಧಾನವಾಗಬೇಕಿತ್ತಲ್ಲ? ಇನ್ನೂ ಕೆಟ್ಟದಾಯಿತು. ಅಂಗಡಿಯಾದರೆ ನಾಲ್ಕು ಜನ ನೋಡುತ್ತಾರೆ. ಈಗ ನನ್ನ ಕಣ್ಣ ಮುಂದೆ ಎಲ್ಲೋ ಒಂದು ಹಾಳು ಕೊಟ್ಟಿಗೆ, ಅದರ ಹಿಂದೆ ಒಬ್ಬಳೇ ಕುಳಿತ ಮಗಳು, ಸೀಟಿನ ಕೆಳಗೆ ಬಾಟಲಿ.

ಎನೋಸನ ಮನೆಗೆ ಹೋಗಿ ಕೇಳಬಹುದಿತ್ತು. ಅವರ ಮನೆಯಲ್ಲಿ ಫೋನಿಲ್ಲ, ನಿಜ, ಆದರೆ ನನಗೆ ಕಾರಿತ್ತು. ನಾಚಿಕೆಯಾಯಿತು. ನನ್ನ ಮಗಳು ನಿಮ್ಮಲ್ಲಿಂದ ಎಷ್ಟು ಹೊತ್ತಿಗೆ ಹೊರಡುತ್ತಾಳೆ ಎಂದು ಕೇಳುವ ತಾಯಿಯನ್ನು ಯಾರು ಗೌರವಿಸುತ್ತಾರೆ? ಅದರ ಬದಲು ನಾನು ಕರ್ಟನಿಗೆ ಫೋನು ಮಾಡಿದೆ.

ಕರ್ಟ್ ನಮ್ಮ ಜಿಲ್ಲೆಯ ಪೊಲೀಸ್. ಶಾಲೆಯಲ್ಲಿ ಎಂಟು ವರ್ಷ ಅವನ ತಟ್ಟೆಗೆ ನಾನೇ ಬಡಿಸಿದ್ದೇನೆ, ಈಗಲೂ ನನ್ನನ್ನು ಆಂಟಿ ಎನ್ನುತ್ತಾನೆ.

"ಸುಮ್ನೆ ಒಂದ್ಸಲ ನಿಲ್ಸಿ ನೋಡು ಕರ್ಟ್. ಜಲ್ಲಿ ರಸ್ತೆ ಕಡೆಯಿಂದ ಬರ್ತಾಳೆ ಅನ್ಸುತ್ತೆ. ಕುಡ್ದಿದಾಳಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು."

"ಆಂಟಿ, ನಾನು ನಿಲ್ಸಿದ್ರೆ ಕಾಗದ ಕೇಳ್ಳೇಬೇಕು. ಕಂಡಿದ್ದು ಬರೀಲೇಬೇಕು. ಮನೆ ಮಾತು ಅಂತ ಬಿಡಕ್ಕಾಗಲ್ಲ. ಯೋಚ್ನೆ ಮಾಡಿ."

"ಮಾಡಿದೀನಪ್ಪ. ಇನ್ನೊಬ್ಬರ ಅಂಗಳಕ್ಕೆ ನುಗ್ಗಿ ಈ ಸಲ ಮರದ ಬದಲು ಮಗು ಸಿಕ್ಕಿದ್ರೆ?"

"ಸರಿ" ಎಂದ ಅವನು.

ಮರುದಿನ ಮೂರೂವರೆಗೆ ಫೋನು ಬಂತು. ನಾನು ಕೈಯಲ್ಲಿದ್ದ ಹಿಟ್ಟನ್ನು ಒರೆಸಿಕೊಳ್ಳದೆಯೇ ಎತ್ತಿಕೊಂಡೆ.

"ಸೊನ್ನೆ ಆಂಟಿ" ಎಂದ ಕರ್ಟ್. "ಎರಡು ಸಲ ಊದಿಸ್ದೆ. ಯಂತ್ರದ ದಾಖಲೆನೂ ನೋಡ್ದೆ. ಡಿಸೆಂಬರಿನಿಂದ ಒಂದೇ ಒಂದು ಸಲಾನೂ ತಪ್ಪಿಲ್ಲ. ಒಂದು ಹನಿ ಇಲ್ಲ."

"ದೇವರು ದೊಡ್ಡವನು" ಎಂದೆ.

"ಆದ್ರೆ ಗಂಟೆ ಮೂರೂ ಇಪ್ಪತ್ತು. ಕಾಗದದಲ್ಲಿ ಮೂರು. ನಾನು ಬರೆದಿದೀನಿ. ಗಾಡಿ ಅಲ್ಲೇ ಬಿಡ್ಸಿದೀನಿ. ಬಂದು ಕರ್ಕೊಂಡ್ ಹೋಗಿ."

ಬ್ರಿಟಾ ಜಲ್ಲಿ ರಸ್ತೆಯ ಬದಿಯಲ್ಲಿ, ಜೋಳದ ಬರಿ ಹೊಲದ ಪಕ್ಕ ತನ್ನ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಉಗುರುಗಳಲ್ಲಿ ಮಣ್ಣು. ಅಳುತ್ತಿರಲಿಲ್ಲ. ಕಾರು ಹತ್ತಿ ಬೆಲ್ಟ್ ಹಾಕಿಕೊಂಡು, ಒಂದು ಮೈಲಿ ದಾಟಿದ ಮೇಲೆ ಮಾತಾಡಿದಳು.

"ಅವ್ರು ಗಡಿಯಾರ ತಿರುಗ್ಸಲ್ಲ ಅಮ್ಮ."

"ಯಾರು?"

"ಎನೋಸ್ ಅವ್ರ ಮನೇಲಿ. ಮಾರ್ಚಲ್ಲಿ ನಾವೆಲ್ಲ ಒಂದ್ ಗಂಟೆ ಮುಂದಕ್ಕೆ ಇಟ್ಕೊಂಡ್ವಲ್ಲ, ಅವ್ರು ಇಡಲ್ಲ. ಅವ್ರಿಗೆ ಎರಡು ಅಂದ್ರೆ ನಮಗೆ ಮೂರು. ಕೆಲ್ಸ ಬಿಡೋದೇ ಮೂರಕ್ಕೆ."

ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಇದು ನನಗೆ ಗೊತ್ತಿದ್ದ ವಿಷಯ. ಸಂಜೆಯ ಬೆಳಕು ಹೆಚ್ಚು ಸಿಗಲೆಂದು ಸರ್ಕಾರ ಪ್ರತಿ ಮಾರ್ಚಿನಲ್ಲಿ ಎಲ್ಲರ ಗಡಿಯಾರವನ್ನು ಒಂದು ಗಂಟೆ ಮುಂದಿಡಿಸಿ, ಚಳಿಗಾಲಕ್ಕೆ ಮತ್ತೆ ಹಿಂದಿಡಿಸುತ್ತದೆ. ಇಪ್ಪತ್ತು ವರ್ಷ ಅಮಿಷರಲ್ಲಿ ಮೊಟ್ಟೆ ಕೊಂಡಿದ್ದೇನೆ. ಬೇಸಿಗೆಯಲ್ಲಿ "ನಿಮ್ಮ ಗಂಟೆಗೋ ನಮ್ಮ ಗಂಟೆಗೋ?" ಎಂದು ಕೇಳದೆ ಅವರು ಯಾವ ಮಾತೂ ಗೊತ್ತುಮಾಡುವುದಿಲ್ಲ. ಸೂರ್ಯನಿಗೆ ಇಟ್ಟ ಗಡಿಯಾರವನ್ನು ಸರ್ಕಾರಕ್ಕಾಗಿ ತಿರುಗಿಸುವುದಿಲ್ಲ ಎನ್ನುವುದು ಅವರ ಪಂಥದ ಕಟ್ಟು. ಡಿಸೆಂಬರಿನಲ್ಲಿ ಅವರ ಗಂಟೆಯೂ ನಮ್ಮ ಗಂಟೆಯೂ ಒಂದೇ. ಅದಕ್ಕೇ ಎನೋಸ್ ಬರೆಯುವಾಗ ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಆದರೆ ಮಾರ್ಚಿನಲ್ಲಿ ನನಗೆ ಹೊಳೆಯಬೇಕಿತ್ತು. ತಡ ಸರಿಯಾಗಿ ಒಂದು ಗಂಟೆ. ಹತ್ತು ನಿಮಿಷ ಅತ್ತ ಇಲ್ಲ, ಇತ್ತ ಇಲ್ಲ. ಹೆಂಡ ಯಾರನ್ನೂ ಅಷ್ಟು ಸಮಯಕ್ಕೆ ಸರಿಯಾಗಿ ಮನೆಗೆ ಕಳಿಸುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ಕಿಟಕಿಯಲ್ಲಿ ನಿಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಬೆಳಿಗ್ಗೆ?" ಎಂದೆ.

"ಬೆಳಿಗ್ಗೆ ಕಾಗದದ ಪ್ರಕಾರವೇ ಹೋಗ್ತಿದ್ದೆ. ಆರಕ್ಕೆ ಹೋಗಿ ಏಳರವರೆಗೂ ಗಾಡೀಲಿ ಕೂತಿರ್ತಿದ್ದೆ. ಹಾಲು ಕರೆದು, ಪ್ರಾರ್ಥನೆ ಮುಗೀದೆ ಅವ್ರು ಹಸಿರುಮನೆ ತೆಗೆಯಲ್ಲ. ವಾಪಸ್ ಬರೋವಾಗ ಮಾತ್ರ ಏನೂ ಮಾಡಕ್ಕಾಗ್ತಿರ್ಲಿಲ್ಲ. ಅದಕ್ಕೆ ಹೆದ್ದಾರಿ ಬಿಟ್ಟು ಈ ರಸ್ತೇಲಿ ಬರ್ತಿದ್ದೆ."

"ಕೋರ್ಟಿಗೆ ಹೇಳಬೇಕಿತ್ತು."

"ಹೇಳಿದೀನಿ. ಅರ್ಜಿ ಹಾಕಿ ಎರಡು ವಾರ ಆಯ್ತು. ಗಂಟೆ ಬದಲಾಯಿಸ್ಕೊಡಿ ಅಂತ. ಆ ಲಕೋಟೆ ಅದೇ. ಏಪ್ರಿಲ್ ಮೂರಕ್ಕೆ ವಿಚಾರಣೆ." ಅವಳು ಡಬ್ಬಿಯ ಮುಚ್ಚಳವನ್ನು ತೆಗೆದು ಮುಚ್ಚಿದಳು. "ಇನ್ನೊಂದು ವಾರ ಇತ್ತಮ್ಮ. ಒಂದೇ ವಾರ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೀಲಿ ಕಿತ್ಕೋತಿದ್ದೆ."

ಹೌದು, ಕಿತ್ತುಕೊಳ್ಳುತ್ತಿದ್ದೆ.

ಮನೆಯ ಮುಂದೆ ಇಳಿದಾಗ ಎದುರಿನ ಕಿಟಕಿಯ ಪರದೆ ಅಲುಗಿತು. ಬ್ರಿಟಾ ರಸ್ತೆ ದಾಟಿ ಹೋಗಿಯೇಬಿಟ್ಟಳು. "ಆ ರಸ್ತೆಗೆ ಪೊಲೀಸ್ ತಾನಾಗೇ ಬರಲ್ಲ. ಫೋನ್ ಮಾಡಿ ಖುಷಿ ಆಯ್ತಾ? ಆ ಒಣಕಲು ಮರಕ್ಕೆ ಇನ್ನೂ ಎಷ್ಟು ವರ್ಷ ಸೇಡು ತೀರಿಸ್ಕೋತೀರಾ?" ಎಂದು ಕೂಗಿದಳು. ಆರ್ವಿಲಾ ಬಾಗಿಲು ತೆರೆದು, ಹೊಲಿಗೆಯ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ, ಏನೂ ಅರ್ಥವಾಗದವಳಂತೆ ನಿಂತಿದ್ದಳು. ಕೊನೆಗೆ ಸೂಜಿ ತೆಗೆದು, "ಯಾವ ಫೋನೇ ಹುಡುಗಿ?" ಎಂದಳು. ಬ್ರಿಟಾ ಆಗಲೇ ಬೆನ್ನು ತಿರುಗಿಸಿದ್ದಳು.

ನಾನು ಆಗ ಬಾಯಿ ತೆರೆಯಬಹುದಿತ್ತು. ಬೆಳಗಿನಿಂದ ಕಾರಿನಲ್ಲೇ ಉಳಿದಿದ್ದ ತರಕಾರಿ ಚೀಲ ಹಿಡಿದುಕೊಂಡು ಒಳಗೆ ಹೋದೆ.

ಆ ವಾರ ಬ್ರಿಟಾ ಕೆಲಸಕ್ಕೆ ಹೋಗಲಿಲ್ಲ. ನಾನೇ ಎನೋಸನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವನು ಗಡ್ಡ ನೀವಿಕೊಂಡು ಕೇಳಿದ. "ನಾನು ಬರೆದದ್ದು ಸುಳ್ಳಾಯ್ತಲ್ಲ ಮಾರ್ಲಿಸ್" ಎಂದು ಅವನೇ ತಪ್ಪಿತಸ್ಥನಂತೆ ತಲೆತಗ್ಗಿಸಿದ. "ಕೋರ್ಟಿಗೆ ಬಂದು ಆಣೆ ಇಡೋದು ನಮ್ಮ ಪಂಥದಲ್ಲಿಲ್ಲ. ಕಾಗದ ಬರೆದುಕೊಡ್ತೀನಿ. ಅವಳ ಜಾಗ ಯಾರಿಗೂ ಕೊಡಲ್ಲ, ಆದ್ರೆ ಸಸಿ ಕಾಯಲ್ಲ ಬಹಳ ದಿನ."

ಏಪ್ರಿಲ್ ಮೂರರಂದು ನ್ಯಾಯಾಧೀಶೆ ಆ ಕಾಗದವನ್ನು ಎರಡು ಸಲ ಓದಿದರು. ಒಳ್ಳೆಯ ಹೆಂಗಸು, ಕನ್ನಡಕದ ಮೇಲಿಂದ ಬ್ರಿಟಾಳನ್ನು ನೋಡಿದಾಗ ಮುಖದಲ್ಲಿ ಕೋಪವಿರಲಿಲ್ಲ. ಗಂಟೆಯ ವಿಷಯ ಗೊತ್ತಿಲ್ಲದೆ ಓಡಿಸಿದ್ದರೆ ಬೇರೆ ಮಾತು, ಎಂದರು. ಆದರೆ ಗೊತ್ತಿತ್ತು ಎನ್ನುವುದಕ್ಕೆ ನಿಮ್ಮದೇ ಅರ್ಜಿ ಸಾಕ್ಷಿ; ಅರ್ಜಿ ಹಾಕಿದ ಮೇಲೂ ದಿನವೂ ಓಡಿಸಿದ್ದೀರಿ. ಅನುಮತಿ ರದ್ದು. ಆಗಸ್ಟ್ ಕೊನೆಯವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ.

ವಾಪಸು ಬರುವಾಗ ಬ್ರಿಟಾ ಕಿಟಕಿಯ ಆಚೆ ನೋಡುತ್ತಿದ್ದಳು. "ಆ ಮುದುಕಿ ಫೋನ್ ಮಾಡ್ದೆ ಇದ್ದಿದ್ರೆ ಇವತ್ತು ಹೊಸ ಗಂಟೆ ಬರೆಸ್ಕೊಂಡು ಬರ್ತಿದ್ದೆ" ಎಂದಳು.

"ಆರ್ವಿಲಾ ಮಾಡಿದ್ದಲ್ಲ" ಎಂದೆ.

ಅವಳು ತಿರುಗಲಿಲ್ಲ.

"ನಾನು ಮಾಡ್ದೆ. ಕರ್ಟನಿಗೆ. ಕುಡೀತಿದೀಯ ಅಂದ್ಕೊಂಡೆ."

ಊರು ಎರಡು ಮೈಲಿ ಇರುವಾಗ "ನಿಲ್ಸು" ಎಂದಳು. ನಿಲ್ಲಿಸಿದೆ. ಇಳಿದು ನಡೆಯತೊಡಗಿದಳು. ನಾನು ಅಪಾಯದ ದೀಪ ಮಿನುಗಿಸುತ್ತ ಅವಳ ಹಿಂದೆ ಹೆಜ್ಜೆಯ ವೇಗದಲ್ಲಿ ಕಾರು ತಂದೆ. ಹಿಂದಿನಿಂದ ಬಂದವರೆಲ್ಲ ದಾಟಿಕೊಂಡು, ಒಂದು ಬೆರಳೆತ್ತಿ ವಂದಿಸಿ ಹೋದರು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ, ನನ್ನನ್ನು ಓಡಿಸಲೂ ಇಲ್ಲ.

ಅಂಗಳದಲ್ಲಿ ನಿಂತು ಮೊದಲ ಮಾತಾಡಿದಳು. "ಹೋಗಿ ಅವ್ರಿಗೆ ಹೇಳು."

"ಯಾರಿಗೆ?"

"ಆರ್ವಿಲಾಗೆ. ನಾನು ಬೀದೀಲಿ ನಿಂತು ಕೂಗಾಡಿದೀನಿ. ನೀನು ಚೀಲ ಹಿಡ್ಕೊಂಡು ನೋಡ್ತಾ ನಿಂತಿದ್ದೆ."

ಹೋದೆ. ಆರ್ವಿಲಾ ಬಾಗಿಲಲ್ಲೇ ಕೇಳಿಸಿಕೊಂಡಳು. ಆಮೇಲೆ, "ನಾನಾಗಿದ್ರೆ ಫೋನ್ ಮಾಡ್ತಿರ್ಲಿಲ್ಲ ಕಣೇ" ಎಂದಳು. "ಬಾಯಿಗೆ ಬಂದಿದ್ದು ಅಂತೀನಿ, ಅಷ್ಟೆ. ನನ್ ಮಾತು ಯಾರು ನಂಬ್ತಾರೆ ಅನ್ಕೊಂಡಿದ್ದೆ." ಒಳಗೆ ಕರೆಯಲಿಲ್ಲ. ಕರೆದಿದ್ದರೂ ನನಗೆ ಕೂರಲಾಗುತ್ತಿರಲಿಲ್ಲ.

ಶಾಲೆಯಲ್ಲಿ ಬೇಡಿಕೊಂಡು ಬೆಳಗಿನ ಅಡುಗೆ ಕೆಲಸ ಬಿಟ್ಟು ನನ್ನ ಪಾಳಿಯನ್ನು ಮಧ್ಯಾಹ್ನದ ಬಡಿಸುವಿಕೆಗೆ ಮಾತ್ರ ಇಳಿಸಿಕೊಂಡೆ. ಸಂಬಳ ಕಮ್ಮಿ, ಇರಲಿ. ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಕಾರು ಬೆಚ್ಚಗೆ ಮಾಡಿಕೊಂಡು ಕಾದೆ. ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಬಂದಳು. ಮುಂದಿನ ಬಾಗಿಲು ತೆರೆದಿಟ್ಟಿದ್ದೆ, ಅದನ್ನು ಮುಚ್ಚಿ ಹಿಂದಿನ ಸೀಟಿನಲ್ಲಿ ಕುಳಿತಳು.

"ಕೆಲ್ಸಕ್ಕೋಸ್ಕರ ಬರ್ತಿದೀನಿ" ಎಂದಳು. "ಬೇರೆ ಏನೂ ಅನ್ಕೋಬೇಡ."

"ಇಲ್ಲಮ್ಮ, ಅನ್ಕೊಳ್ಳಲ್ಲ."

ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಹೆದ್ದಾರಿಗೆ ಬಂದ ಮೇಲೆ ನಾನು ಕೈಯೆತ್ತಿ ಮುಂದಿನ ಕನ್ನಡಿಯನ್ನು ಸ್ವಲ್ಪ ತಿರುಗಿಸಿದೆ, ಅವಳ ಮುಖ ಕಾಣುವ ಹಾಗೆ. ಕಣ್ಣ ಕೆಳಗೆ ಕಪ್ಪಾಗಿತ್ತು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದಳು.

"ರಸ್ತೆ ನೋಡಮ್ಮ" ಎಂದಳು.

ಕನ್ನಡಿಯನ್ನು ಮೊದಲಿದ್ದಂತೆ ಸರಿಮಾಡಿ ರಸ್ತೆ ನೋಡಿದೆ.